ದ್ರವದ ಒತ್ತಡ

ದ್ರವವೊಂದು ತನ್ನನ್ನು ಮುಟ್ಟಿರುವ ಮೇಲ್ಮೈಯ ಮೇಲೆ, ಪ್ರತಿ ಏಕಮಾನ ವಿಸ್ತೀರ್ಣಕ್ಕೆ ಇಷ್ಟು ಎಂಬಂತೆ ಲಂಬವಾಗಿ ಹಾಕುವ ಬಲವೇ ದ್ರವದ ಒತ್ತಡ. ನಿಂತ ನೀರಿನಲ್ಲಿ ಇದು ಆಳಕ್ಕೆ ಇಳಿದಂತೆಲ್ಲ ಒಂದೇ ಸಮನೆ ಏರುತ್ತದೆ. ಒಂದೇ ಮಟ್ಟದಲ್ಲಿರುವ ಎಲ್ಲ ಬಿಂದುಗಳಲ್ಲೂ ಸಮನಾಗಿರುತ್ತದೆ. ಯಾವ ಬಿಂದುವನ್ನು ತೆಗೆದುಕೊಂಡರೂ ಅಲ್ಲಿ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ತಳ್ಳುತ್ತದೆ. ನೀರು ಒಟ್ಟು ಎಷ್ಟಿದೆ ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಶಾಲೆಯಲ್ಲಿ ಈ ಮಾತನ್ನು ಒಪ್ಪಿಕೊಂಡವರಿಗೂ ತುಂಬಿದ ಅಣೆಕಟ್ಟೆಯ ಮೇಲೆ ನಿಂತಾಗ ಅದನ್ನು ನಂಬುವುದು ಕಷ್ಟ. ಕಣ್ಣಿಗೆ ಕಾಣುವುದು ನೀರಿನ ಹರಹು. ಕಟ್ಟೆಯನ್ನು ತಳ್ಳುತ್ತಿರುವುದು ಕಾಣದ ಆಳ. ಈ ವಿಷಯದ ಇತಿಹಾಸ, ಲೆಕ್ಕ, ಯಂತ್ರ, ಅನಾಹುತ ಎಲ್ಲವೂ ಈ ಅಂತರದ ಸುತ್ತಲೇ ಬೆಳೆದಿವೆ.

ಒತ್ತಡದ ಮೂಲ

ಕಲ್ಲಿನ ಕಂಬ ತನ್ನ ಭಾರವನ್ನು ಬುಡಕ್ಕೆ ದಾಟಿಸುತ್ತದೆ. ಪಕ್ಕದಲ್ಲಿ ಆಸರೆ ಇಲ್ಲದಿದ್ದರೂ ನಿಲ್ಲುತ್ತದೆ. ನೀರಿನ ಕಂಬ ಹಾಗೆ ನಿಲ್ಲಲಾರದು. ಒಂದು ಪದರ ಇನ್ನೊಂದರ ಮೇಲೆ ಜಾರುವುದನ್ನು ತಡೆದು ನಿಲ್ಲುವ ಗುಣ ದ್ರವಕ್ಕಿಲ್ಲ. ಎಷ್ಟು ಸಣ್ಣ ಓರೆ ಬಲ ಬಿದ್ದರೂ ಅದು ಹರಿಯತೊಡಗುತ್ತದೆ. ಹಾಗಾಗಿ ದ್ರವ ನಿಶ್ಚಲವಾಗಿದೆ ಎಂದರೆ ಅದರೊಳಗೆ ಓರೆ ಬಲ ಎಲ್ಲಿಯೂ ಉಳಿದಿಲ್ಲ ಎಂದೇ ಅರ್ಥ. ಪಾತ್ರೆಯ ಗೋಡೆಯನ್ನಾಗಲಿ, ಮುಳುಗಿದ ಕಲ್ಲನ್ನಾಗಲಿ ಅದು ಲಂಬವಾಗಿ ಮಾತ್ರ ಒತ್ತಬಲ್ಲದು. ಎಲ್ಲ ದಿಕ್ಕಿನಲ್ಲೂ ಒತ್ತಡ ಸಮನಾಗಿರುವುದಕ್ಕೂ ಇದೇ ಕಾರಣ: ಒಂದು ದಿಕ್ಕಿನಲ್ಲಿ ಹೆಚ್ಚಾಗಿದ್ದರೆ ನೀರು ಇನ್ನೊಂದು ದಿಕ್ಕಿಗೆ ಸರಿದು ಆ ಹೆಚ್ಚಳವನ್ನು ಅಳಿಸಿಬಿಡುತ್ತದೆ. ಒತ್ತಡಕ್ಕೆ ತನ್ನದೇ ಆದ ದಿಕ್ಕಿಲ್ಲ. ಅದು ತಾಗುವ ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆಯೋ ಅದರಿಂದ ಬಲದ ದಿಕ್ಕು ತೀರ್ಮಾನವಾಗುತ್ತದೆ.

ಆಳದೊಂದಿಗೆ ಒತ್ತಡ ಏರುವುದು ಗುರುತ್ವದಿಂದ. ಕೆಳಗಿನ ಪದರ ಮೇಲಿನ ಪದರಗಳನ್ನೆಲ್ಲ ಹೊತ್ತಿರಬೇಕು. ಆಳ, ದ್ರವದ ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಈ ಮೂರನ್ನು ಗುಣಿಸಿದರೆ ಆ ಆಳದಲ್ಲಿ ದ್ರವದಿಂದಾದ ಒತ್ತಡ ಸಿಗುತ್ತದೆ. ಮೇಲೆ ತೆರೆದ ಗಾಳಿ ಇದ್ದರೆ ಅದರ ಒತ್ತಡವನ್ನೂ ಕೂಡಿಸಬೇಕು. ಸಿಹಿನೀರಿನಲ್ಲಿ ಪ್ರತಿ ಮೀಟರ್ ಆಳಕ್ಕೆ 9.8 ಕಿಲೋಪಾಸ್ಕಲ್ ಏರುತ್ತದೆ. ಹತ್ತು ಮೀಟರ್ ಇಳಿದರೆ ಹೆಚ್ಚುಕಡಿಮೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಮೈಮೇಲೆ ಬೀಳುತ್ತದೆ. ಪಾದರಸದ ಸಾಂದ್ರತೆ ನೀರಿನ 13.6 ಪಟ್ಟು, ಅಷ್ಟೇ ಒತ್ತಡಕ್ಕೆ ಅದರಲ್ಲಿ ಮುಕ್ಕಾಲು ಮೀಟರ್ ಸಾಕು.

ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಪಾಸ್ಕಲ್ ಎಂಬ ಹೆಸರು ಬಂದದ್ದು 1971ರಲ್ಲಿ. ಬಳಕೆಯಲ್ಲಿ ಹಳೆಯ ಮಾನಗಳು ಇನ್ನೂ ಬಿಟ್ಟುಹೋಗಿಲ್ಲ. ವೈದ್ಯರು ಪಾದರಸದ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ತೋಟದ ರೈತರು ಪಿವಿಸಿ ಪೈಪನ್ನು ‘ನಾಲ್ಕು ಕೆ.ಜಿ.’, ‘ಆರು ಕೆ.ಜಿ.’ ಎಂದು ಕೇಳಿ ಕೊಳ್ಳುತ್ತಾರೆ. ಅದು ಪೈಪಿನ ತೂಕವಲ್ಲ, ಪ್ರತಿ ಚದರ ಸೆಂಟಿಮೀಟರಿಗೆ ಪೈಪು ತಾಳುವ ಒತ್ತಡ. ಒಂದು ಕೆ.ಜಿ. ಒತ್ತಡವೆಂದರೆ ಹತ್ತು ಮೀಟರ್ ನೀರಿನ ಎತ್ತರ. ಗುಡ್ಡದ ಮೇಲಿನ ತೊಟ್ಟಿಯಿಂದ ಐವತ್ತು ಮೀಟರ್ ಕೆಳಗಿನ ತೋಟಕ್ಕೆ ನೀರು ತರುವವರಿಗೆ ನಾಲ್ಕು ಕೆ.ಜಿ. ಪೈಪು ಏಕೆ ಸಾಲದು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಪಾತ್ರೆಯ ಆಕಾರ ಲೆಕ್ಕಕ್ಕಿಲ್ಲ

ತೇಲುವ ವಸ್ತುಗಳ ಬಗ್ಗೆ ಕ್ರಿ.ಪೂ. 3ನೆಯ ಶತಮಾನದಲ್ಲೇ ಆರ್ಕಿಮಿಡೀಸ್ ಗ್ರಂಥ ಬರೆದಿದ್ದ. ಆದರೆ ಪಾತ್ರೆಯ ತಳದ ಮೇಲೆ ಬೀಳುವ ಒತ್ತಡಕ್ಕೂ ಪಾತ್ರೆಯ ಆಕಾರಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಸಾಧಿಸಿದವನು ಸೈಮನ್ ಸ್ಟೆವಿನ್. ನೆದರ್ಲೆಂಡ್ಸಿನಲ್ಲಿ ಕಾಲುವೆ, ಬಾಂದುಗಳ ನಡುವೆ ಕೆಲಸ ಮಾಡಿದ ಈ ಎಂಜಿನಿಯರ್ 1586ರಲ್ಲಿ ಡಚ್ ಭಾಷೆಯಲ್ಲಿ ನೀರಿನ ಭಾರದ ಕುರಿತ ಪುಸ್ತಕ ಪ್ರಕಟಿಸಿದ. ಅವನ ವಾದದ ಚಂದ ಇಂದಿಗೂ ಮಾಸಿಲ್ಲ. ದೊಡ್ಡ ತೊಟ್ಟಿಯ ತುಂಬ ನೀರಿದೆ, ಎಲ್ಲವೂ ಸ್ತಬ್ಧವಾಗಿದೆ ಎಂದುಕೊಳ್ಳಿ. ಅದರಲ್ಲಿ ಬಹುಪಾಲು ನೀರು ಅಷ್ಟೇ ಸಾಂದ್ರತೆಯ ಗಟ್ಟಿ ವಸ್ತುವಾಗಿ ಮಾರ್ಪಟ್ಟಿತು, ನಡುವೆ ಒಂದು ಸೊಟ್ಟ ಕಿರುದಾರಿಯಷ್ಟೇ ನೀರಾಗಿ ಉಳಿಯಿತು ಎಂದು ಭಾವಿಸಿ. ಉಳಿದ ನೀರಿಗೆ ಈ ಬದಲಾವಣೆ ಗೊತ್ತೇ ಆಗುವುದಿಲ್ಲ. ಮೊದಲು ಪಕ್ಕದ ನೀರು ಒತ್ತುತ್ತಿದ್ದ ಜಾಗದಲ್ಲಿ ಈಗ ಗಟ್ಟಿ ಗೋಡೆ ಅಷ್ಟೇ ಒತ್ತುತ್ತದೆ. ಹಾಗಾದರೆ ತಳದ ಒತ್ತಡ ಮೊದಲಿನಷ್ಟೇ ಇರಬೇಕು. ತೊಟ್ಟಿ ತುಂಬ ನೀರಿದ್ದರೂ ಬೆರಳು ಗಾತ್ರದ ಕೊಳವೆಯಲ್ಲಿ ನೀರಿದ್ದರೂ, ಎತ್ತರ ಒಂದೇ ಆಗಿದ್ದರೆ ಒತ್ತಡವೂ ಒಂದೇ.

ಇದನ್ನು ‘ದ್ರವಸ್ಥಿತಿಯ ವಿರೋಧಾಭಾಸ’ ಎಂದು ಕರೆಯುವುದುಂಟು. ನಿಜದಲ್ಲಿ ವಿರೋಧವೇನೂ ಇಲ್ಲ. ಬಾಯಿ ಅಗಲವಾಗಿ ತಳ ಕಿರಿದಾದ ಪಾತ್ರೆಯಲ್ಲಿ ಓರೆ ಗೋಡೆಗಳು ನೀರಿನ ಭಾರದಲ್ಲಿ ಒಂದು ಪಾಲನ್ನು ಹೊರುತ್ತವೆ. ತಳ ಅಗಲವಾಗಿ ಬಾಯಿ ಕಿರಿದಾದ ಪಾತ್ರೆಯಲ್ಲಿ ಅದೇ ಗೋಡೆಗಳು ನೀರನ್ನು ಕೆಳಕ್ಕೆ ಅದುಮುತ್ತವೆ. ಅಲ್ಲಿ ತಳದ ಮೇಲಿನ ಬಲ ನೀರಿನ ಒಟ್ಟು ತೂಕವನ್ನೂ ಮೀರುತ್ತದೆ. ಪಾತ್ರೆಯನ್ನೇ ತಕ್ಕಡಿಯಲ್ಲಿಟ್ಟರೆ ತೂಕ ಇದ್ದಷ್ಟೇ ಇರುತ್ತದೆ, ಏಕೆಂದರೆ ಗೋಡೆ ಮತ್ತು ತಳ ಎರಡೂ ಒಂದೇ ಪಾತ್ರೆಯ ಭಾಗಗಳು. ಉದ್ದನೆಯ ತೆಳು ಕೊಳವೆಯಿಂದ ಒಂದಿಷ್ಟು ನೀರು ಸುರಿದು ಮುಚ್ಚಿದ ಪೀಪಾಯಿಯನ್ನು ಒಡೆದ ಪ್ರಯೋಗವೊಂದನ್ನು ಪಠ್ಯಪುಸ್ತಕಗಳು ಬ್ಲೇಸ್ ಪಾಸ್ಕಲ್‌ನ ಹೆಸರಿಗೆ ಬರೆಯುತ್ತವೆ. ಅವನ ಉಳಿದುಬಂದಿರುವ ಬರಹಗಳಲ್ಲಿ ಅದರ ಪ್ರಸ್ತಾಪವಿಲ್ಲ. ಭೌತಶಾಸ್ತ್ರದ ಮಟ್ಟಿಗೆ ಮಾತ್ರ ಕತೆ ಸರಿಯಾಗಿಯೇ ಇದೆ.

ಮನೆಯ ತಾರಸಿಯಲ್ಲಿ ಈ ತತ್ತ್ವ ದಿನಾಲೂ ಪರೀಕ್ಷೆಗೆ ಒಳಗಾಗುತ್ತದೆ. ಮೇಲಂತಸ್ತಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೆಂದು ಐನೂರು ಲೀಟರ್ ಸಿಂಟೆಕ್ಸ್ ತೆಗೆದು ಸಾವಿರ ಲೀಟರಿನದನ್ನು ಕೂರಿಸುವವರಿದ್ದಾರೆ. ಟ್ಯಾಂಕ್ ದೊಡ್ಡದಾದರೆ ನೀರು ಹೆಚ್ಚು ಹೊತ್ತು ಬರುತ್ತದೆ, ಜೋರಾಗಿ ಬರುವುದಿಲ್ಲ. ಅದೇ ಹಣದಲ್ಲಿ ಟ್ಯಾಂಕಿನ ಕಟ್ಟೆಯನ್ನು ಎರಡು ಮೀಟರ್ ಎತ್ತರಿಸಿದ್ದರೆ ಗುಣ ಕಾಣುತ್ತಿತ್ತು. ಪೈಪು ದಪ್ಪವಾದಾಗ ನೀರು ಹೆಚ್ಚು ಬರುವುದು ನಿಜ. ಅದು ಹರಿಯುವಾಗಿನ ಘರ್ಷಣೆ ಕಡಿಮೆಯಾದದ್ದರಿಂದ. ನಲ್ಲಿ ಮುಚ್ಚಿದ್ದಾಗ ದಪ್ಪ ಪೈಪಿನಲ್ಲೂ ಸಣ್ಣ ಪೈಪಿನಲ್ಲೂ ಒತ್ತಡ ಒಂದೇ.

ಗಾರೆ ಕೆಲಸದವರು ಮನೆಯ ಈ ಮೂಲೆಯಿಂದ ಆ ಮೂಲೆಗೆ ಮಟ್ಟ ಹಿಡಿಯಲು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬು ಸ್ಟೆವಿನ್ನನ ತತ್ತ್ವದ ಅತಿ ಅಗ್ಗದ ಉಪಕರಣ. ಟ್ಯೂಬು ಎಷ್ಟು ಸುತ್ತಿ ಬಳಸಿದರೂ ಎರಡು ಬಾಯಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಡುವೆ ಗಾಳಿಗುಳ್ಳೆ ಸೇರಿಕೊಂಡರೆ ಮಾತ್ರ ಮಟ್ಟ ತಪ್ಪುತ್ತದೆ.

ಗಾಳಿಯ ತೂಕ ಮತ್ತು ಹೀರುವ ಪಂಪಿನ ಮಿತಿ

ಹೀರುವ ಪಂಪು ಸುಮಾರು ಹತ್ತು ಮೀಟರಿಗಿಂತ ಆಳದ ನೀರನ್ನು ಮೇಲೆತ್ತುವುದಿಲ್ಲ ಎಂಬುದು ಇಟಲಿಯ ಬಾವಿ ತೋಡುವವರಿಗೆ ಗೆಲಿಲಿಯೋನ ಕಾಲಕ್ಕೇ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. ಗೆಲಿಲಿಯೋನ ಕೊನೆಯ ದಿನಗಳಲ್ಲಿ ಜೊತೆಗಿದ್ದ ಎವಾಂಜೆಲಿಸ್ಟಾ ಟೊರಿಚೆಲ್ಲಿ ನೀರಿನ ಬದಲು ಪಾದರಸವನ್ನು ಆರಿಸಿಕೊಂಡ. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ ಬೋಗುಣಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ ಅದು ಇಳಿದು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಪಾದರಸವನ್ನು ಮೇಲಿನ ಬರಿದು ಜಾಗ ಎಳೆದುಕೊಂಡಿಲ್ಲ, ಬೋಗುಣಿಯ ಮೇಲೆ ಕೂತ ಗಾಳಿಯ ಭಾರ ಅದನ್ನು ಕೊಳವೆಯೊಳಗೆ ತಳ್ಳಿ ನಿಲ್ಲಿಸಿದೆ ಎಂದು ಟೊರಿಚೆಲ್ಲಿ 1644ರ ಪತ್ರದಲ್ಲಿ ವಿವರಿಸಿದ. ಗಾಳಿಯ ಕಡಲಿನ ತಳದಲ್ಲಿ ನಾವು ಬದುಕಿದ್ದೇವೆ ಎಂಬ ಅರಿವು ಆ ಪತ್ರದಿಂದ ಹೊರಟಿತು.

ಅರಿವು ನಿಜವಾದರೆ ಬೆಟ್ಟದ ಮೇಲೆ ಪಾದರಸ ಇಳಿಯಬೇಕು. ಪಾಸ್ಕಲ್ ತನ್ನ ಭಾವ ಫ್ಲೋರಾಂ ಪೆರಿಯೆಗೆ ಇದನ್ನು ಪರೀಕ್ಷಿಸಲು ಹೇಳಿದ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟ ಹತ್ತಿದ. ಕೆಳಗೆ ಪಟ್ಟಣದಲ್ಲಿ ಇನ್ನೊಂದು ಕೊಳವೆಯನ್ನು ಕಾಯಲು ಜನರನ್ನಿಟ್ಟಿದ್ದ. ತುದಿಯಲ್ಲಿ ಪಾದರಸ ಎಂಟು ಸೆಂಟಿಮೀಟರಿಗೂ ಹೆಚ್ಚು ಕೆಳಗಿತ್ತು. ಕೆಳಗಿನ ಕೊಳವೆಯಲ್ಲಿ ದಿನವಿಡೀ ಬದಲಾವಣೆ ಇರಲಿಲ್ಲ.

ಸಮುದ್ರ ಮಟ್ಟದಲ್ಲಿ ಗಾಳಿ ಹೊತ್ತು ನಿಲ್ಲಿಸಬಲ್ಲ ನೀರಿನ ಎತ್ತರ 10.3 ಮೀಟರ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 9.2 ಮೀಟರಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಸೋರುವ ವಾಷರು, ನೀರಿನ ಆವಿ ಎಲ್ಲ ಕಳೆದರೆ ದಡದ ಮೇಲಿಟ್ಟ ಮೋಟಾರಿಗೆ ಏಳು ಮೀಟರ್ ಆಸುಪಾಸಿನ ಆಳವೇ ಕೈಗೆಟುಕುವ ಮಿತಿ. ಪಂಪಿನ ಶಕ್ತಿ ಹೆಚ್ಚಿಸಿ ಈ ಮಿತಿಯನ್ನು ದಾಟಲಾಗದು, ಏಕೆಂದರೆ ನೀರನ್ನು ಮೇಲೆ ತರುತ್ತಿರುವುದು ಪಂಪಲ್ಲ, ಗಾಳಿ. ತೆರೆದ ಬಾವಿಗಳಲ್ಲಿ ನೀರು ಕೆಳಗೆ ಹೋದಾಗ ಮೋಟಾರನ್ನೇ ಬಾವಿಯೊಳಗೆ ಇಳಿಸಿ ಅಟ್ಟಣಿಗೆಯ ಮೇಲೆ ಕೂರಿಸುತ್ತಿದ್ದದ್ದು ಇದಕ್ಕೇ.

ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪು ನೀರಿನಡಿಯಲ್ಲಿ ಕೂತು ನೀರನ್ನು ಕೆಳಗಿನಿಂದ ತಳ್ಳುತ್ತದೆ. ತಳ್ಳುವುದಕ್ಕೆ ವಾಯುಮಂಡಲದ ಮಿತಿ ಇಲ್ಲ. ಬಾವಿ ಎಂಟುನೂರು ಅಡಿ ಕೊರೆದಿದ್ದು ಮೋಟಾರನ್ನು ಏಳುನೂರು ಅಡಿಗೆ ಇಳಿಸಿದ್ದರೂ, ನೀರು ಮುನ್ನೂರು ಅಡಿಯಲ್ಲಿ ನಿಂತಿದ್ದರೆ ಪಂಪು ಎತ್ತಬೇಕಾದದ್ದು ಆ ಮುನ್ನೂರು ಅಡಿಯನ್ನು ಮಾತ್ರ. ಉಳಿದ ನಾನೂರು ಅಡಿಯಲ್ಲಿ ಪೈಪಿನ ಹೊರಗಿನ ನೀರು ಪೈಪಿನೊಳಗಿನ ನೀರಿಗೆ ಸರಿಸಮನಾಗಿ ನಿಂತಿರುತ್ತದೆ. ಬೇಸಿಗೆಯಲ್ಲಿ ಅದೇ ಮೋಟಾರು, ಅದೇ ಪೈಪು ಇದ್ದರೂ ನೀರು ಕಡಿಮೆ ಬೀಳುವುದು ನಿಂತ ನೀರಿನ ಮಟ್ಟ ಇಳಿದಾಗ ಈ ಆಸರೆ ಕರಗುವುದರಿಂದ.

ಕೆರೆ, ಕಟ್ಟೆ, ತೂಬು

ಆಳದ ನಿಯಮ ಜನಜೀವನಕ್ಕೆ ಅತಿ ಹೆಚ್ಚು ತಟ್ಟುವುದು ನೀರನ್ನು ತಡೆದು ನಿಲ್ಲಿಸಿದ ಕಡೆ. ತೆರೆದ ನೀರಿನ ಮೇಲ್ಮೈಯಲ್ಲಿ ಕಟ್ಟೆಯ ಮೇಲೆ ನೀರಿನ ಒತ್ತಡ ಸೊನ್ನೆ. ತಳದಲ್ಲಿ ಅತಿ ಹೆಚ್ಚು. ನಡುವಿನ ಏರಿಕೆ ಒಂದೇ ಸಮನಾಗಿರುವುದರಿಂದ ಒಟ್ಟು ಬಲ ಆಳದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಈ ಬಲ ತಳದಿಂದ ಮೂರನೆಯ ಒಂದು ಭಾಗದ ಎತ್ತರದಲ್ಲಿ ಹಾಯುತ್ತದೆಂದು ಎಣಿಸಿದರೆ ಕಟ್ಟೆಯನ್ನು ಮಗುಚಲು ನೋಡುವ ತಿರುಚು ಆಳದ ಘನಕ್ಕೆ ಅನುಗುಣ: ಆಳ ಎರಡು ಪಟ್ಟಾದರೆ ಎಂಟು ಪಟ್ಟು. ನಮ್ಮ ಹಳೆಯ ಕೆರೆಗಳ ಏರಿ ಬುಡದಲ್ಲಿ ಅಷ್ಟು ಅಗಲವಾಗಿ ಮೇಲೆ ಬಂಡಿ ಹೋಗುವಷ್ಟಕ್ಕೆ ಕಿರಿದಾಗಿರುವುದರಲ್ಲಿ ಮಣ್ಣಿನ ಗುಣದ ಜೊತೆಗೆ ಈ ತಿಳಿವಳಿಕೆಯೂ ಇದೆ.

ಕೃಷ್ಣರಾಜಸಾಗರವನ್ನೇ ತೆಗೆದುಕೊಳ್ಳಬಹುದು. ಅದರ ಗರಿಷ್ಠ ಮಟ್ಟ 124.80 ಅಡಿ ಎಂಬುದು ಕಾವೇರಿ ಬಯಲಿನ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಪತ್ರಿಕೆಗಳು ಮಟ್ಟವನ್ನು ಅಡಿಯಲ್ಲೂ ಸಂಗ್ರಹವನ್ನು ಟಿಎಂಸಿಯಲ್ಲೂ ಕೊಡುತ್ತವೆ. ರೈತನಿಗೆ ಬೇಕಾದದ್ದು ಟಿಎಂಸಿ, ಕಟ್ಟೆಗೆ ತಾಗುವುದು ಅಡಿ. ಅಳತೆಯ ಸೊನ್ನೆಯಿಂದ ನೇರ ನಿಂತ ಗೋಡೆ ಎಂದು ಸರಳಗೊಳಿಸಿ ಲೆಕ್ಕ ಹಾಕಿದರೆ, ನೀರು ನೂರು ಅಡಿ ಇದ್ದಾಗ ಕಟ್ಟೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ಅಡ್ಡ ಬಲ ಸುಮಾರು 465 ಟನ್ ತೂಕದಷ್ಟು. 124.80 ಅಡಿ ತುಂಬಿದಾಗ ಅದು 720 ಟನ್ ದಾಟುತ್ತದೆ. ಮಟ್ಟ ಏರಿದ್ದು ಕಾಲು ಭಾಗ, ಬಲ ಏರಿದ್ದು ಅರ್ಧಕ್ಕೂ ಹೆಚ್ಚು. ಹಿನ್ನೀರು ಒಂದು ಮೈಲಿ ಚಾಚಿದ್ದರೂ ಮೂವತ್ತು ಮೈಲಿ ಚಾಚಿದ್ದರೂ ಈ ಅಂಕಿಗಳು ಬದಲಾಗುವುದಿಲ್ಲ. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಕಟ್ಟೆ ನಿಂತಿರುವುದು ತನ್ನ ಭಾರದ ಬಲದಿಂದ. ಇಂಥ ಭಾರದ ಕಟ್ಟೆಗಳನ್ನು ಲೆಕ್ಕ ಹಾಕಿ ಕಟ್ಟುವ ಶಾಸ್ತ್ರ 19ನೆಯ ಶತಮಾನದ ನಡುವೆ ಫ್ರಾನ್ಸಿನಲ್ಲಿ ಶುರುವಾಯಿತು. ನೀರಿನ ತಳ್ಳು ಮತ್ತು ಕಟ್ಟೆಯ ಭಾರ ಸೇರಿ ಆಗುವ ಒಟ್ಟು ಬಲ ತಳದ ನಡುವಿನ ಮೂರನೆಯ ಭಾಗದೊಳಗೇ ಹಾಯಬೇಕು ಎಂಬ ನಿಯಮವನ್ನು ಎಂಜಿನಿಯರ್ ರ‍್ಯಾಂಕಿನ್ 1872ರ ಹೊತ್ತಿಗೆ ಮುಂದಿಟ್ಟ.

ಆ ಶಾಸ್ತ್ರ ಒಂದು ಮುಖ್ಯ ಸಂಗತಿಯನ್ನು ಮರೆತಿತ್ತು. ನೀರು ಎಲ್ಲ ದಿಕ್ಕಿಗೂ ಒತ್ತುತ್ತದೆ, ಮೇಲಕ್ಕೂ. ಕಟ್ಟೆಯ ಬುಡದ ಬಿರುಕಿನೊಳಗೆ ನುಸುಳಿದ ನೀರು ಆ ಆಳದ ಪೂರ್ತಿ ಒತ್ತಡದಿಂದ ಕಟ್ಟೆಯನ್ನು ಮೇಲಕ್ಕೆ ಎತ್ತುತ್ತದೆ. ಮೂವತ್ತೆಂಟು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ 38 ಟನ್. ಬಿರುಕು ಕೂದಲಿನಷ್ಟು ಸಣ್ಣದಾಗಿದ್ದರೂ ಒತ್ತಡಕ್ಕೆ ರಿಯಾಯಿತಿ ಇಲ್ಲ. ಕಟ್ಟೆಯನ್ನು ಹಿಡಿದು ನಿಲ್ಲಿಸಿರುವ ಭಾರವನ್ನೇ ಅದು ಕಳೆದುಬಿಡುತ್ತದೆ. ಫ್ರಾನ್ಸಿನ ಬೂಜೆ ಎಂಬಲ್ಲಿ ಸುಮಾರು 22 ಮೀಟರ್ ಎತ್ತರದ ಕಲ್ಲುಕಟ್ಟೆ 1884ರಲ್ಲಿ ಸ್ವಲ್ಪ ಜಾರಿ ಬಿರಿಯಿತು. ದುರಸ್ತಿ ಮಾಡಿ ಮತ್ತೆ ನೀರು ತುಂಬಿಸಿದರು. 1895ರ ಏಪ್ರಿಲ್ 27ರಂದು ಮೇಲ್ಭಾಗ ಕತ್ತರಿಸಿದಂತೆ ಕಿತ್ತುಹೋಗಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವರ್ಷ ಎಂಜಿನಿಯರ್ ಮೋರಿಸ್ ಲೆವಿ ಈ ಮೇಲೊತ್ತನ್ನು ಲೆಕ್ಕಕ್ಕೆ ಸೇರಿಸಲೇಬೇಕೆಂದು ವಾದಿಸಿದ. ಈಗಿನ ಕಟ್ಟೆಗಳ ಒಳಗೆ ಓಡಾಡುವ ಸುರಂಗವಿದ್ದು ಅಲ್ಲಿ ಸದಾ ನೀರು ಜಿನುಗುತ್ತಿರುತ್ತದೆ. ನೋಡಿದವರು ಗಾಬರಿಯಾಗುತ್ತಾರೆ, ಆ ಜಿನುಗುವಿಕೆ ಬೇಕೆಂದೇ ಮಾಡಿದ ವ್ಯವಸ್ಥೆ. ಕೊರೆದ ರಂಧ್ರಗಳಿಂದ ನೀರು ಹೊರಬಂದರೆ ಒಳಗಿನ ಮೇಲೊತ್ತು ಇಳಿಯುತ್ತದೆ. ರಂಧ್ರಗಳು ಕಟ್ಟಿಕೊಂಡು ಒಣಗಿದರೆ ಆಗ ಚಿಂತೆಗೆ ಕಾರಣ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಗೇಟಿಗೆ ನೀರು ತುದಿಯವರೆಗೆ ನಿಂತಾಗ ಬೀಳುವ ಬಲ ಸುಮಾರು 340 ಟನ್. ಆ ಜಾಗಕ್ಕೆ ಹೊಸ ಗೇಟನ್ನು ಹರಿಯುವ ನೀರಿನಲ್ಲಿ ಇಡಿಯಾಗಿ ಇಳಿಸುವ ಮಾತೇ ಇರಲಿಲ್ಲ. ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟು ಒತ್ತಡ ಹಂಚಿದರು. ಬಳಿಕ ತಡೆಹಲಗೆಗಳನ್ನು ತುಂಡುತುಂಡಾಗಿ ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಹರಿಯುವ ನೀರಿನ ನಡುವೆ ಅದನ್ನು ಸಾಧಿಸಿದ ಕೆಲಸಗಾರರ ಧೈರ್ಯ, ಲೆಕ್ಕ ಎರಡೂ ದೊಡ್ಡವು.

ಹಳ್ಳಿಯ ಕೆರೆಯಲ್ಲಿ ಇದೇ ಲೆಕ್ಕ ನೀರಗಂಟಿಯ ಕೈಗೆ ಬರುತ್ತದೆ. ಐದು ಮೀಟರ್ ನೀರಿನಡಿ ಇಪ್ಪತ್ತು ಸೆಂಟಿಮೀಟರ್ ವ್ಯಾಸದ ತೂಬಿನ ಕಂಡಿಗೆ ಇಟ್ಟ ಬಿರಡೆಯನ್ನು ನೀರು ಸುಮಾರು 157 ಕೆ.ಜಿ. ಭಾರದಷ್ಟು ಅದುಮಿ ಹಿಡಿದಿರುತ್ತದೆ. ತುಂಬಿದ ಕೆರೆಯ ತೂಬು ಎತ್ತಲು ಸನ್ನೆ ಬೇಕಾಗುತ್ತಿದ್ದದ್ದು ಸಹಜವೇ. ತೂಬಿನಿಂದ ಹೊರಡುವ ನೀರಿನ ವೇಗ ಮೇಲಿನ ಆಳದ ವರ್ಗಮೂಲಕ್ಕೆ ಅನುಗುಣ ಎಂಬುದನ್ನೂ ಕಂಡುಕೊಟ್ಟವನು ಟೊರಿಚೆಲ್ಲಿಯೇ. ಕೆರೆ ನಾಲ್ಕನೆಯ ಒಂದು ಭಾಗಕ್ಕೆ ಇಳಿದರೂ ನೀರಿನ ವೇಗ ಅರ್ಧಕ್ಕಷ್ಟೇ ಇಳಿಯುತ್ತದೆ. ಕೊನೆಯ ಗದ್ದೆಗೆ ನೀರು ಹಂಚುವವರಿಗೆ ಇದು ಬಲು ಉಪಕಾರಿ.

ಬಲವನ್ನು ಬೆಳೆಸುವ ಯಂತ್ರಗಳು

ಮುಚ್ಚಿದ ದ್ರವದ ಒಂದು ಕಡೆ ಒತ್ತಡ ಹೆಚ್ಚಿಸಿದರೆ ಆ ಹೆಚ್ಚಳ ಎಲ್ಲ ಕಡೆಗೂ ಕುಂದದೆ ತಲುಪುತ್ತದೆ. ಇದು ಪಾಸ್ಕಲ್‌ನ ನಿಯಮ. ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾದ ಗ್ರಂಥದಲ್ಲಿದೆ. ಒಂದು ಬಾಯಿ ಇನ್ನೊಂದರ ನೂರು ಪಟ್ಟು ದೊಡ್ಡದಿದ್ದರೆ ಸಣ್ಣ ಬಾಯಿಯಲ್ಲಿ ಒತ್ತುವ ಒಬ್ಬನು ದೊಡ್ಡ ಬಾಯಿಯಲ್ಲಿ ಒತ್ತುವ ನೂರು ಮಂದಿಯನ್ನು ಸರಿಗಟ್ಟುತ್ತಾನೆ ಎಂದು ಪಾಸ್ಕಲ್ ತೋರಿಸಿದ. ಬಲ ನೂರು ಪಟ್ಟಾದಾಗ ಚಲನೆ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ, ಕೆಲಸ ಇದ್ದಷ್ಟೇ. ಇದನ್ನು ಕಾರ್ಖಾನೆಗೆ ತಂದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. 1795ರಲ್ಲಿ ಅವನು ಜಲಪ್ರೆಸ್ಸಿನ ಹಕ್ಕುಪತ್ರ ಪಡೆದ. ಕಷ್ಟವಾದದ್ದು ತತ್ತ್ವವಲ್ಲ, ಸೋರಿಕೆ. ಒತ್ತಡ ಹೆಚ್ಚಾದಷ್ಟೂ ತಾನೇ ಬಿಗಿಯಾಗುವ ತೊಗಲಿನ ಬಟ್ಟಲಿನಂಥ ವಾಷರ್ ಬಂದ ಮೇಲೆ ಯಂತ್ರ ನಿಂತಿತು.

ಜೆಸಿಬಿಯ ತೋಳು, ಗ್ಯಾರೇಜಿನ ಜಾಕು, ಲಾರಿಯ ಟಿಪ್ಪರು, ಕಾರಿನ ಬ್ರೇಕು ಎಲ್ಲವೂ ಬ್ರಾಮಾನ ಸಂತತಿ. ಅಗೆಯುವ ಯಂತ್ರಗಳ ಎಣ್ಣೆಯ ಒತ್ತಡ 200 ವಾಯುಮಂಡಲ ದಾಟುವುದು ಮಾಮೂಲು. ಇಲ್ಲೆಲ್ಲ ದ್ರವವೇ ಏಕೆ, ಗಾಳಿ ಏಕಿಲ್ಲ ಎಂದರೆ ದ್ರವ ಅದುಮಿದರೆ ಕುಗ್ಗುವುದು ತೀರ ಕಡಿಮೆ: ನೂರು ವಾಯುಮಂಡಲದಡಿ ನೀರು ಅರ್ಧ ಶೇಕಡಾದಷ್ಟೂ ಕುಗ್ಗದು. ಬ್ರೇಕಿನ ನಾಳದೊಳಗೆ ಗಾಳಿ ಸೇರಿದರೆ ಪೆಡಲ್ ಮೆತ್ತಗೆ ಇಳಿದುಹೋಗಿ ಚಕ್ರ ನಿಲ್ಲದು. ಒತ್ತಿದ ಶ್ರಮವೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ.

ತೇಲುವುದು

ಮುಳುಗಿದ ವಸ್ತುವಿನ ತಳ ಅದರ ನೆತ್ತಿಗಿಂತ ಆಳದಲ್ಲಿರುತ್ತದೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಬೀಳುವ ಒತ್ತಡ ಹೆಚ್ಚು, ಮೇಲಿನಿಂದ ಕೆಳಕ್ಕೆ ಬೀಳುವುದು ಕಡಿಮೆ. ಈ ವ್ಯತ್ಯಾಸವೇ ಆರ್ಕಿಮಿಡೀಸನ ಮೇಲೊತ್ತು. ಅದು ವಸ್ತು ಸರಿಸಿದ ದ್ರವದ ತೂಕಕ್ಕೆ ಸಮ. ತೇಲುವಿಕೆಯನ್ನು ಬೇರೆಯೇ ಒಂದು ನಿಯಮವೆಂದು ಕಲಿಸುವುದಕ್ಕಿಂತ ಒತ್ತಡದ ಫಲವೆಂದು ಕಲಿಸಿದರೆ ಮಕ್ಕಳಿಗೆ ಹೆಚ್ಚು ದಕ್ಕುತ್ತದೆ. ಕೆಸರಿನ ತಳಕ್ಕೆ ನೀರು ನುಸುಳದಂತೆ ಅಂಟಿಕೊಂಡ ದೋಣಿ ಏಳಲು ಏಕೆ ಹಟಮಾಡುತ್ತದೆ ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ: ಕೆಳಗೆ ನೀರಿನ ಒತ್ತು ಇಲ್ಲದೆ ಮೇಲೆ ಮಾತ್ರ ಇದೆ.

ಮೈಯೊಳಗೆ, ಕಡಲೊಳಗೆ

ರಕ್ತವೂ ಆಳದ ನಿಯಮಕ್ಕೆ ಒಳಪಟ್ಟದ್ದೇ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣುಕುದುರೆಯೊಂದರ ಧಮನಿಗೆ ಗಾಜಿನ ಕೊಳವೆ ಜೋಡಿಸಿ ರಕ್ತ ಎಂಟು ಅಡಿಗೂ ಮೇಲೇರಿದ್ದನ್ನು ಕಂಡು 1733ರಲ್ಲಿ ಪ್ರಕಟಿಸಿದ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ವಿಧಾನವನ್ನು 1896ರಲ್ಲಿ ಇಟಲಿಯ ರೀವಾ-ರೊಚ್ಚಿ ತಂದ. 1905ರಲ್ಲಿ ರಷ್ಯದ ಕೊರೊಟ್‌ಕೋವ್ ಸ್ಟೆತಸ್ಕೋಪಿನಿಂದ ನಾಡಿಯ ಸದ್ದು ಕೇಳುವುದನ್ನು ಸೇರಿಸಿದ. ತೋಳು ಹೃದಯದ ಮಟ್ಟದಲ್ಲೇ ಇರಬೇಕೆಂದು ದಾದಿಯರು ಹೇಳುವುದು ಸುಮ್ಮನಲ್ಲ. ಹತ್ತು ಸೆಂಟಿಮೀಟರ್ ಕೆಳಗಿಳಿದರೆ ಅಂಕಿ ಸುಮಾರು ಎಂಟು ಮಿಲಿಮೀಟರ್ ಏರುತ್ತದೆ. ನಿಂತವರ ಪಾದದ ಧಮನಿಯಲ್ಲಿ ಹೃದಯದ ಬಳಿಗಿಂತ ತೊಂಬತ್ತು ಮಿಲಿಮೀಟರಿನಷ್ಟು ಹೆಚ್ಚು ಒತ್ತಡವಿರುತ್ತದೆ. ದಿನವಿಡೀ ನಿಂತು ದುಡಿಯುವವರ ಕಾಲು ಊದಿಕೊಳ್ಳುವುದರಲ್ಲಿ ಇದರ ಪಾಲು ದೊಡ್ಡದು.

ಬಾವಿಯಲ್ಲಿ ಮುಳುಗು ಹಾಕಿ ಮೂರು ಮೀಟರ್ ಇಳಿದವರಿಗೆ ಕಿವಿ ನೋಯುತ್ತದೆ. ಕಾಲಿಗಾಗಲಿ ಹೊಟ್ಟೆಗಾಗಲಿ ಏನೂ ಅನ್ನಿಸುವುದಿಲ್ಲ. ದೇಹದ ಬಹುಪಾಲು ನೀರು, ಅದು ಹೊರಗಿನ ಒತ್ತಡವನ್ನು ಒಳಗೂ ಅಷ್ಟೇ ಆಗಿ ಹಂಚಿಕೊಳ್ಳುತ್ತದೆ. ತೊಂದರೆ ಗಾಳಿ ಇರುವ ಜಾಗಗಳಲ್ಲಿ ಮಾತ್ರ: ಕಿವಿ, ಮೂಗಿನ ಸುತ್ತಲ ಕುಹರ, ಶ್ವಾಸಕೋಶ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳುವುದನ್ನು. ಎರಡನೆಯದು ಮೇಲೆ ಬರುವಾಗ ಎಂದೂ ಉಸಿರು ಕಟ್ಟಬಾರದೆಂಬುದು. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಆ ಹಿಗ್ಗು ಶ್ವಾಸಕೋಶವನ್ನು ಹರಿಯಬಲ್ಲದು. ಗಾಳಿಚೀಲವಿಲ್ಲದ ಆಳಸಮುದ್ರದ ಪ್ರಾಣಿಗಳು ಇದೇ ಕಾರಣಕ್ಕೆ ಅಲ್ಲಿ ನೆಮ್ಮದಿಯಾಗಿವೆ.

ಭೂಮಿಯ ಅತಿ ಆಳದ ತಾಣ ಶಾಂತಸಾಗರದ ಮರಿಯಾನಾ ಕಂದಕದ ಚಾಲೆಂಜರ್ ಡೀಪ್, ಸುಮಾರು 10,900 ಮೀಟರ್. ಅಲ್ಲಿ ಒತ್ತಡ ಸಾವಿರ ವಾಯುಮಂಡಲ ಮೀರುತ್ತದೆ. ನೀರೇ ಸುಮಾರು ಐದು ಶೇಕಡಾ ಹೆಚ್ಚು ಸಾಂದ್ರವಾಗಿರುತ್ತದೆ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ‘ಟ್ರಿಯೆಸ್ಟ್’ ನೌಕೆಯಲ್ಲಿ ಅಲ್ಲಿಗೆ ಇಳಿದರು. ಇಳಿಯುವಾಗ ಹೊರಗಿನ ಕಿಟಕಿ ಬಿರಿದ ಸದ್ದು ಕೇಳಿಯೂ ಮುಂದುವರಿದು ಇಪ್ಪತ್ತು ನಿಮಿಷ ತಳದಲ್ಲಿದ್ದು ಬಂದರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ ‘ಮತ್ಸ್ಯ 6000’ ಮೂವರನ್ನು ಆರು ಸಾವಿರ ಮೀಟರಿಗೆ ಒಯ್ಯಬೇಕೆಂಬ ಗುರಿಯದು. ಅದರ ಟೈಟಾನಿಯಂ ಗೋಳದ ವ್ಯಾಸ 2.1 ಮೀಟರ್, ಗೋಡೆಯ ದಪ್ಪ 80 ಮಿಲಿಮೀಟರ್. ಎಲ್ಲ ಕಡೆಯಿಂದ ಸಮನಾಗಿ ಬೀಳುವ ಒತ್ತಡವನ್ನು ಗೋಳ ತನ್ನ ಗೋಡೆಯೊಳಗೆ ಸಮನಾಗಿ ಹಂಚುತ್ತದೆ. ಟೈಟಾನಿಕ್ ಅವಶೇಷ ನೋಡಲು ಹೊರಟು 2023ರ ಜೂನ್ 18ರಂದು ಐವರೊಂದಿಗೆ ಕುಸಿದ ‘ಟೈಟಾನ್’ ನೌಕೆಯ ಒಡಲು ಗೋಳವಲ್ಲ, ಇಂಗಾಲದ ನಾರಿನ ಉರುಳೆಯಾಗಿತ್ತು.

ಹರಿಯುವ ದ್ರವ

ನೀರು ಹರಿಯತೊಡಗಿದರೆ ಒತ್ತಡ ಆಳವೊಂದರಿಂದಲೇ ತೀರ್ಮಾನವಾಗುವುದಿಲ್ಲ. ವೇಗ ಹೆಚ್ಚಿದ ಕಡೆ ಒತ್ತಡ ಇಳಿಯುತ್ತದೆ ಎಂದು ಡೇನಿಯಲ್ ಬರ್ನೂಲಿ 1738ರ ಗ್ರಂಥದಲ್ಲಿ ತೋರಿಸಿದ. ಶರಾವತಿ ಕಣಿವೆಯಲ್ಲಿ ಇದರ ಭವ್ಯ ರೂಪ ಕಾಣುತ್ತದೆ. ತಳಕಳಲೆಯಿಂದ ಕೊಳವೆಗಳಲ್ಲಿ ಇಳಿಯುವ ನೀರಿಗೆ ಸುಮಾರು 440 ಮೀಟರ್ ಎತ್ತರವಿದೆ, ಎಂದರೆ ಕೆಳಗೆ ನಲವತ್ತಕ್ಕೂ ಹೆಚ್ಚು ವಾಯುಮಂಡಲದ ಒತ್ತಡ. ಮೂತಿಯಿಂದ ಹೊರಬಿದ್ದ ಕ್ಷಣ ಆ ಒತ್ತಡವೆಲ್ಲ ವೇಗವಾಗಿ ಮಾರ್ಪಡುತ್ತದೆ. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ ಧಾರೆಯ ವೇಗ ಗಂಟೆಗೆ 330 ಕಿ.ಮೀ. ಮೀರುತ್ತದೆ. ಅದು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಬಡಿದು ಹತ್ತು ಘಟಕಗಳಿಂದ 1,035 ಮೆಗಾವಾಟ್ ವಿದ್ಯುತ್ ಹುಟ್ಟುತ್ತದೆ.

ಬೆಂಗಳೂರಿನ ಕತೆ ಇದರ ತಿರುಗುಮುರುಗು. ನೂರು ಕಿಲೋಮೀಟರ್ ದೂರದಿಂದ ಸುಮಾರು ಐನೂರು ಮೀಟರ್ ಎತ್ತರಕ್ಕೆ ಕಾವೇರಿಯನ್ನು ತಳ್ಳಬೇಕು. ಒಂದೇ ಉಸಿರಿಗೆ ತಳ್ಳಿದರೆ ಕೆಳಗಿನ ಪೈಪು ಐವತ್ತು ಕೆ.ಜಿ. ಒತ್ತಡ ತಾಳಬೇಕಾಗುತ್ತದೆ. ಅದಕ್ಕೇ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತ ಮಾಡಿದ್ದಾರೆ.

ಹರಿಯುವ ನೀರನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಗಡುಸು ಪೈಪಿನಲ್ಲಿ ಏಕಾಏಕಿ ನಿಂತರೆ ಹದಿನೈದು ವಾಯುಮಂಡಲದಷ್ಟು ಒತ್ತಡದ ಅಲೆ ಹುಟ್ಟಿ ಶಬ್ದದ ವೇಗದಲ್ಲಿ ಹಿಂದಕ್ಕೆ ಓಡುತ್ತದೆ. ಇದನ್ನು 19ನೆಯ ಶತಮಾನದ ಕೊನೆಯಲ್ಲಿ ಮಾಸ್ಕೋದ ನೀರು ಸರಬರಾಜು ಪೈಪುಗಳಲ್ಲಿ ವಿಜ್ಞಾನಿ ಜುಕೋವ್‌ಸ್ಕಿ ಅಧ್ಯಯನ ಮಾಡಿದ. ಕರೆಂಟು ಹೋದಾಗ ಏತ ನೀರಾವರಿಯ ಪೈಪು ‘ಧಡ್’ ಎನ್ನುವುದು, ಕೆಲವೊಮ್ಮೆ ಒಡೆಯುವುದು ಇದರಿಂದ.

ಸೊನ್ನೆಗಿಂತ ಕೆಳಗೆ

ಗಾಳಿಯ ಒತ್ತಡ ಹತ್ತು ಮೀಟರಿಗಿಂತ ಹೆಚ್ಚು ನೀರನ್ನು ಹೊರದು ಎಂದಾದರೆ ಇಪ್ಪತ್ತು ಮೀಟರಿನ ಅಡಿಕೆ ಮರದ ತುದಿಗೆ ನೀರು ಹೇಗೆ ಹೋಗುತ್ತದೆ? ಕ್ಯಾಲಿಫೋರ್ನಿಯದ ರೆಡ್‌ವುಡ್ ನೂರು ಮೀಟರ್ ದಾಟುತ್ತದೆ. ಬೇರಿನ ತಳ್ಳು ಇದಕ್ಕೆ ಸಾಲದು. 1894ರಲ್ಲಿ ಡಬ್ಲಿನ್‌ನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಮುಂದಿಟ್ಟ ವಿವರಣೆಯನ್ನೇ ಇಂದೂ ಬಹುತೇಕ ಸಸ್ಯವಿಜ್ಞಾನಿಗಳು ಒಪ್ಪುತ್ತಾರೆ. ಎಲೆಗಳಿಂದ ನೀರು ಆರುವಾಗ ಅಲ್ಲಿನ ಅತಿ ಸಣ್ಣ ರಂಧ್ರಗಳಲ್ಲಿ ನೀರಿನ ಮೇಲ್ಮೈ ಒಳಬಾಗಿ ಕೆಳಗಿನ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಎಳೆತ ಬೇರಿನವರೆಗೂ ಸಾಗುತ್ತದೆ. ಒತ್ತಡ ಇಲ್ಲಿ ಸೊನ್ನೆಗಿಂತ ಕೆಳಗಿಳಿದಿದೆ. ದ್ರವ ಅದುಮಿಸಿಕೊಳ್ಳುವ ಬದಲು ಎಳೆಸಿಕೊಳ್ಳುತ್ತಿದೆ. ಕೊಂಬೆಯೊಂದನ್ನು ಕತ್ತರಿಸಿ ಉಕ್ಕಿನ ಕೋಶದಲ್ಲಿಟ್ಟು, ಕತ್ತರಿಸಿದ ಬಾಯಲ್ಲಿ ರಸ ಮತ್ತೆ ಕಾಣುವವರೆಗೆ ಸುತ್ತಲಿನ ಅನಿಲದ ಒತ್ತಡ ಏರಿಸಿ ಈ ಎಳೆತವನ್ನು ಅಳೆಯುವ ವಿಧಾನವನ್ನು ಪರ್ ಶೋಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದರು. ಹತ್ತಾರು ವಾಯುಮಂಡಲದ ಎಳೆತಗಳು ಸಾಮಾನ್ಯವೆಂದು ತಿಳಿದುಬಂತು. ಬರಗಾಲದಲ್ಲಿ ಎಳೆತ ಮಿತಿಮೀರಿದಾಗ ನಾಳಗಳಲ್ಲಿ ನೀರಿನ ಎಳೆ ತುಂಡಾಗಿ ಗುಳ್ಳೆ ಸೇರುತ್ತದೆ. ಆ ನಾಳ ಮತ್ತೆ ತುಂಬದಿದ್ದರೆ ಅಲ್ಲಿಂದ ಮೇಲಿನ ಎಲೆಗಳಿಗೆ ನೀರಿಲ್ಲ. ಬುಡದಲ್ಲಿ ತಡವಾಗಿ ಎಷ್ಟು ನೀರು ಹಾಯಿಸಿದರೂ ತುದಿ ಒಣಗಿದ ಮರ ಚಿಗುರದಿರುವುದಕ್ಕೆ ಇದೊಂದು ಮುಖ್ಯ ಕಾರಣ.